ಮೇಷ್ಟ್ರ ಮನೆ ಮೇಲಿನ ಆಂಟೆನಾ

ಹೋದ ವಾರ ನಮ್ಮ ಮಿಕ್ಸಿ ಚಟ್ನಿ ರುಬ್ಬುತ್ತಿದ್ದ ಹಾಗೇ ಗೊರ್ ಅಂದು ನಿಂತುಹೋಯಿತು. ಬಟ್ಟೆಚೀಲದಲ್ಲಿ ಹಾಕಿಕೊಂಡು ಚಾಮರಾಜಪೇಟೆಯ ರಿಪೇರಿ ಅಂಗಡಿಗೆ ಹೋದೆ. ಯಂತ್ರಗಳ ವಿಷಯದಲ್ಲಿ ನನ್ನದು ಭಕ್ತಿಯೂ ಅಲ್ಲ, ಜ್ಞಾನವೂ ಅಲ್ಲ, ಬರೀ ಭಯ. ಕೆಟ್ಟಾಗ ಎರಡು ಸಲ ತಟ್ಟುತ್ತೇನೆ, ಆಮೇಲೆ ಚೀಲ ಹುಡುಕುತ್ತೇನೆ. ಅಂಗಡಿಯಾತ ಮಿಕ್ಸಿಯ ಹೊಟ್ಟೆ ಬಿಚ್ಚಿ, ಒಳಗಿನ ತುಂಡಾದ ತಂತಿಗೆ ಬೆಸುಗೆ ಹಾಕಿದ. ಸಣ್ಣಗೆ ಒಂದು ಎಳೆ ಹೊಗೆ ಎದ್ದಿತು. ಆ ವಾಸನೆ ನಿಮಗೂ ಗೊತ್ತಿರಬಹುದು. ಊದಿನಕಡ್ಡಿಗೂ ಸುಟ್ಟ ಪ್ಲಾಸ್ಟಿಕ್ಕಿಗೂ ನಡುವೆ ಎಲ್ಲೋ ಇರುವಂಥದ್ದು. ಬೇರೆಯವರಿಗೆ ಅದು ರೇಡಿಯೋ ಅಂಗಡಿಯ ವಾಸನೆ. ನನಗೆ ಒಂದು ಬೇಸಿಗೆಯ ವಾಸನೆ. ಅಂಗಡಿಯಾತ ನನ್ನ ಮುಖ ನೋಡಿ, ಬಿಲ್ಲು ಜಾಸ್ತಿ ಆಗುತ್ತೆ ಅಂತ ಹೆದರಿದಾರೆ ಅಂದುಕೊಂಡನೇನೋ, ಇದು ಸಣ್ಣ ಕೆಲಸ ಅಂತ ತಾನಾಗಿಯೇ ಸಮಾಧಾನ ಹೇಳಿದ.

ಶಂಕರಪುರಂನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಜಾನಕೀರಾಮ್ ಮೇಷ್ಟ್ರ ಮನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದು ನಿವೃತ್ತರಾಗಿದ್ದವರು. ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ರೇಡಿಯೋ ಮೇಷ್ಟ್ರು ಅಂತ. ಹ್ಯಾಮ್ ರೇಡಿಯೋ ಅಂತ ಒಂದು ಹುಚ್ಚಿದೆ, ಕೇಳಿರುತ್ತೀರಿ. ಸರ್ಕಾರದಿಂದ ಲೈಸೆನ್ಸು ಪಡೆದು, ಮನೆಯಲ್ಲೇ ರೇಡಿಯೋ ಕಟ್ಟಿಕೊಂಡು, ಲೋಕದ ಇನ್ನೊಂದು ಮೂಲೆಯಲ್ಲಿ ಇದೇ ಹುಚ್ಚು ಹತ್ತಿಸಿಕೊಂಡಿರುವವರ ಜೊತೆ ಮಾತಾಡುವುದು. ಏನು ಮಾತು ಅಂತೀರಿ? ನಿಮ್ಮಲ್ಲಿ ಮಳೆಯಾ, ನನ್ನ ಧ್ವನಿ ಸರಿಯಾಗಿ ಬರ್ತಿದೆಯಾ, ಅಷ್ಟೇ. ಇದನ್ನು ಪಕ್ಕದ ಮನೆಯವರ ಜೊತೆ ಮಾತಾಡಬಹುದಲ್ಲ ಅಂತ ಅವರ ಹೆಂಡತಿ ಕಮಲಮ್ಮನವರು ನಗುತ್ತಿದ್ದರು. ಮಹಡಿಯ ಮೇಲೆ ಒಂದು ಉದ್ದನೆ ಕಬ್ಬಿಣದ ಪೈಪು, ಅದರ ತುದಿಯಿಂದ ಹಿತ್ತಿಲ ತೆಂಗಿನಮರಕ್ಕೆ ಎಳೆದ ತಾಮ್ರದ ತಂತಿ. ಅದೇ ಅವರ ಆಂಟೆನಾ. ಅದರ ಮೇಲೆ ಗಿಳಿಗಳು ಕೂರುತ್ತಿದ್ದವು. ಕಮಲಮ್ಮನವರು ಒಮ್ಮೊಮ್ಮೆ ಒದ್ದೆ ಪಂಚೆ ಹರವುವುದಕ್ಕೂ ನೋಡಿ ಬೈಸಿಕೊಂಡಿದ್ದರು.

ನನ್ನ ಮೈದುನ ಶ್ರೀಧರ ಬೆಳೆದದ್ದು ಅರ್ಧ ಆ ಮನೆಯಲ್ಲೇ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ಅವನು ಕಾಲೇಜು ಮುಗಿಸಿ ಮನೆಗೆ ಬಂದರೆ ತಟ್ಟೆ ತೊಳೆದಿಟ್ಟು ನೇರ ಮೇಷ್ಟ್ರ ರೂಮಿಗೆ ಹೋಗುತ್ತಿದ್ದ. ಅಲ್ಲಿ ಬೆಸುಗೆ ಹಾಕುವುದು ಕಲಿತ, ತಂತಿ ಭಾಷೆ ಕಲಿತ. ಟಕ್ಕು, ಟಕ್ಕಾ ಅಂತ ಒಂದು ಸಣ್ಣ ಕೀಲಿ ಒತ್ತಿ ಅಕ್ಷರ ಕಳಿಸುವ ಮೋರ್ಸ್ ವಿದ್ಯೆ. ನನಗೂ ಕಲಿಸುತ್ತೇನೆ ಅಂತ ಹೊರಟ ಮೇಷ್ಟ್ರು ನನ್ನ ಹೆಸರಿನ ಎರಡನೇ ಅಕ್ಷರ ದಾಟಿಸಲಾಗದೆ, "ನಿನಗೆ ಕನ್ನಡ ಮೇಡಂ ಕೆಲಸಾನೇ ಸರಿ ಬಿಡಮ್ಮ" ಅಂದರು. ಶ್ರೀಧರನ ಕೈ ಮಾತ್ರ ಮೇಷ್ಟ್ರಿಗಿಂತ ಚುರುಕಾಯಿತು. ಆ ಕೈಯೇ ಅವನನ್ನು ಸೈನ್ಯದ ಸಿಗ್ನಲ್ಸ್ ವಿಭಾಗಕ್ಕೆ ಕರೆದುಕೊಂಡು ಹೋಯಿತು. ಸೇರಿದ ದಿನ ಮೇಷ್ಟ್ರು ಬೀದಿಗೆಲ್ಲ ಪೇಡಾ ಹಂಚಿದ್ದರು.

ಇನ್ನು ನನ್ನ ಮಾವ ಶ್ರೀಕಂಠಯ್ಯನವರು. ಒಂದು ಖಾಸಗಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಸರ್ಕಾರದ ಸಂಬಳ ಒಂದು ದಿನವೂ ಮುಟ್ಟದವರು. ಅದನ್ನು ಅವರು ಬಿರುದಿನಂತೆ ಹೇಳಿಕೊಳ್ಳುತ್ತಿದ್ದರು. ಸರ್ಕಾರ ಇರಬೇಕಾದ್ದು ನಮ್ಮ ಗೇಟಿನ ಆಚೆ ಅನ್ನುವುದು ಅವರ ಸಿದ್ಧಾಂತ. ಸೊಳ್ಳೆ ಔಷಧಿ ಹೊಡೆಯುವವರು ಬಂದರೆ ಮೋರಿಗೆ ಹೊಡೀರಿ, ನನ್ನ ನಡುಮನೆಯಲ್ಲಿ ಏನು ಕೆಲಸ ಅನ್ನುತ್ತಿದ್ದರು. ಜನಗಣತಿಗೆ ಬಂದ ಪಾಪದ ಮೇಡಮ್ಮೊಬ್ಬರು ಮನೆಯಲ್ಲಿ ಎಷ್ಟು ಕೋಣೆ ಅಂತ ಕೇಳಿದ್ದಕ್ಕೆ, ಅವರಿಗೆ ಕೂರಲು ಕುರ್ಚಿ, ಕುಡಿಯಲು ಮಜ್ಜಿಗೆ ಕೊಟ್ಟು, ಉತ್ತರ ಮಾತ್ರ ಕೊಟ್ಟಿರಲಿಲ್ಲ. ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಬಂದಾಗಲಂತೂ ಮನೆಯಲ್ಲಿ ದೊಡ್ಡ ರಾಮಾಯಣ. ಇಷ್ಟು ವರ್ಷ ನನ್ನ ಮುಖ ನೋಡದೆ ವೋಟು ತಗೊಂಡೋರು ಈಗ ಯಾಕೆ ನೋಡಬೇಕು ಅಂತ. ಸಾಯಂಕಾಲ ಬ್ಯೂಗಲ್ ರಾಕ್ ಪಾರ್ಕಿಗೆ ವಾಕಿಂಗ್ ಹೋಗುವಾಗ ಅವರು ಇದನ್ನೆಲ್ಲ ಹೇಳಿಕೊಳ್ಳುತ್ತಿದ್ದುದು ಮೇಷ್ಟ್ರ ಹತ್ತಿರ. ಮೇಷ್ಟ್ರು ನಿಯಮದ ಮನುಷ್ಯ, ಲೈಸೆನ್ಸಿಗೆ ಗಾಜಿನ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದವರು. ಆದರೂ ಮಾವನ ಮಾತಿಗೆ ತಲೆ ಆಡಿಸುತ್ತಿದ್ದರು. ಮೇಷ್ಟ್ರ ಆಂಟೆನಾ ಮೇಲೆ ನಗರಪಾಲಿಕೆಯವರು ಯಾರೋ ಒಮ್ಮೆ ತಕರಾರು ತೆಗೆದಾಗ, ಕಚೇರಿಯಿಂದ ಕಚೇರಿಗೆ ಹೋಗಿ ಅವರ ಪರವಾಗಿ ಜಗಳ ಆಡಿದ್ದು ಮಾವನೇ. ಒಬ್ಬ ಮನುಷ್ಯ ತನ್ನ ಮಹಡಿ ಮೇಲೆ ಒಂದು ತಂತಿ ಕಟ್ಟಬಾರದಾ ಅಂತ.

ಆಮೇಲೆ ಕಾರ್ಗಿಲ್ ಬಂತು.

ನನಗೆ ಬೇಸಿಗೆ ರಜ. ನನ್ನ ಗಂಡನಿಗೆ ಆಗ ತುಮಕೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ನಾನು, ನನ್ನ ಪುಟ್ಟ ಮಗಳು, ಮಾವ, ಮತ್ತೆ ಹಾಲಿನ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡ ಟೆಲಿಫೋನು. ಶ್ರೀಧರನ ಘಟಕ ಬೆಟ್ಟದ ಕಡೆ ಹೋಗಿದೆ ಅಂತ ಅವನ ಕೊನೆಯ ಫೋನಿನಿಂದ ಗೊತ್ತಾಗಿತ್ತು. ಎಲ್ಲಿ ಅಂತ ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಆಮೇಲೆ ಫೋನೂ ಇಲ್ಲ, ಕಾಗದವೂ ಇಲ್ಲ. ಟಿವಿಯಲ್ಲಿ ದಿನಾ ಹಿಮದ ಬೆಟ್ಟ, ಫಿರಂಗಿ, ಬಾವುಟ ಹೊದಿಸಿದ ಪೆಟ್ಟಿಗೆಗಳು. ಹೆಸರುಗಳನ್ನು ಓದುವಾಗ ಮಾವ ಟಿವಿಯ ಹತ್ತಿರ ಹೋಗಿ ನಿಂತುಕೊಳ್ಳುತ್ತಿದ್ದರು, ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿದ್ದರೂ. ನಾನೋ, ಫೋನು ರಿಂಗಾದರೆ ಎದೆ ಧಸಕ್ ಅನ್ನುತ್ತದೆ ಅಂತ ರಿಸೀವರ್ ಎತ್ತಿಡಬೇಕು ಅನ್ನಿಸುವುದು. ಎತ್ತಿಟ್ಟರೆ ಅವನು ಮಾಡಿದಾಗಲೇ ತಪ್ಪಿಹೋದರೆ ಅಂತ ಓಡಿಬಂದು ಇಡುವುದು. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವಾಗಲೂ ಫೋನು ರಿಂಗಾದ ಹಾಗೆ ಕೇಳುತ್ತಿತ್ತು.

ಬೀದಿಯೂ ಬದಲಾಯಿತು. ಶಾಲೆ ಮಕ್ಕಳು ಕಂಬಳಿ, ಬಿಸ್ಕತ್ತು ಕೇಳಿಕೊಂಡು ಬಂದರು, ಎಲ್ಲರೂ ಕೊಟ್ಟೆವು. ರಕ್ತ ಕೊಡಲು ಸಾಲು ನಿಂತರು. ಕೇಬಲ್ಲಿನಲ್ಲಿ ಬರುತ್ತಿದ್ದ ಪಾಕಿಸ್ತಾನದ ಚಾನೆಲ್ಲು ನಿಂತುಹೋಯಿತು. ಯಾರೂ ನೋಡದೆ ಇದ್ದದ್ದು ನಿಂತಿದ್ದಕ್ಕೂ ಎಲ್ಲರಿಗೂ ಸಮಾಧಾನ. ಬಾಡಿಗೆಯವರ ವಿವರ ಕೊಡಿ ಅಂತ ಠಾಣೆಯಿಂದ ಪೇದೆಗಳು ಬಂದರೆ, ಹಿಂದೆಲ್ಲ ಬಾಗಿಲ ಸಂದಿಯಿಂದ ಮಾತಾಡಿ ಕಳಿಸುತ್ತಿದ್ದವರು ಒಳಗೆ ಕರೆದು ಕಾಫಿ ಕೊಡತೊಡಗಿದರು. ಮೆಜೆಸ್ಟಿಕ್ಕಿನಲ್ಲಿ ನನ್ನ ಚೀಲ ಬಿಚ್ಚಿಸಿ ನೋಡಿದರು ಅಂತ ಪಕ್ಕದ ಮನೆಯಾಕೆ ಹೆಮ್ಮೆಯಿಂದ ಹೇಳಿದರು. ನನಗೂ, ನಿಜ ಹೇಳಬೇಕೆಂದರೆ, ಬೀದಿಯ ತುದಿಯಲ್ಲಿ ಖಾಕಿ ಕಂಡರೆ ಒಂದು ಥರ ಧೈರ್ಯ ಬರುತ್ತಿತ್ತು. ದೂರದಲ್ಲಿ ಎಲ್ಲೋ ನಡೆಯುತ್ತಿರುವುದರ ಎದುರು ನಮ್ಮ ಕೈಯಲ್ಲಿ ಏನೂ ಆಗುವುದಿಲ್ಲ ಅಂತಾದಾಗ, ಯಾರೋ ಒಬ್ಬರು ಏನೋ ಒಂದು ಮಾಡುತ್ತಿದ್ದಾರೆ ಅನ್ನಿಸುವುದೇ ದೊಡ್ಡದು. ಅವರು ಮಾಡುತ್ತಿರುವುದು ಏನು ಅಂತ ಯೋಚಿಸುವಷ್ಟು ಜಾಗ ತಲೆಯಲ್ಲಿ ಇರುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಬದಲಾದವರು ಮಾವ. ಬಾಡಿಗೆಯವರೇ ಇಲ್ಲದ ನಮ್ಮ ಮನೆಗೆ ಪೇದೆ ಬಂದರೆ ಮಾವ ಗೇಟಿನ ತನಕ ಹೋಗಿ ಕರೆದುಕೊಂಡು ಬಂದರು. ಮನೆಯಲ್ಲಿ ಯಾರು ಯಾರು, ಯಾರು ಎಲ್ಲಿ ಕೆಲಸ, ಯಾರು ಬಂದು ಹೋಗ್ತಾರೆ, ಎಲ್ಲವನ್ನೂ ತಾವೇ ಹೇಳಿದರು. ಕೇಳದೆ ಇದ್ದದ್ದನ್ನೂ ಹೇಳಿದರು. ಒಂದು ದಿನ ಕೊನೆಗೂ ಶ್ರೀಧರನ ಕಾಗದ ಬಂತು. ಬಹಳ ಹಿಂದೆ ಬರೆದದ್ದು. ಲಕೋಟೆ ಬಿಚ್ಚಿ ಮತ್ತೆ ಅಂಟಿಸಿದ್ದರು, ಒಂದು ಸಾಲಿನ ಮೇಲೆ ಕಪ್ಪು ಮಸಿ ಬಳಿದಿದ್ದರು. ಮೊದಲಿನ ಮಾವನಾಗಿದ್ದರೆ ಅಪ್ಪ ಮಗನ ಕಾಗದ ಓದೋಕೆ ಇವರ್ಯಾರು ಅಂತ ದೆಹಲಿಗೇ ಅರ್ಜಿ ಬರೆಯುತ್ತಿದ್ದರು. ಈಗ ಅವರು ಆ ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸಿ, ಓದಿರೋದು ಒಳ್ಳೇದೇ ಆಯ್ತು ಅಂದರು. ನಾನು ಅವರ ಮುಖ ನೋಡಿದೆ. ಅವರು ಕಾಗದ ಮಡಿಸುತ್ತಾ ಹೇಳಿದರು: "ಅಲ್ಲಿ ಅವನನ್ನ ಕಾಯ್ತಿರೋದು ಇದೇ ಕೈಯಮ್ಮ. ಅದೇ ಕೈ ಇಲ್ಲಿ ಬಂದು ನನ್ನ ಗೇಟು ತಟ್ಟಿದ್ರೆ, ಬೇಡ ಹೋಗು ಅನ್ನೋಕೆ ಆಗತ್ತಾ?"

ಅದರಲ್ಲಿ ತರ್ಕ ಇರಲಿಲ್ಲ, ಅವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಹರಕೆ ಹೊತ್ತವರು ಲೆಕ್ಕ ಹಾಕುವುದಿಲ್ಲವಲ್ಲ. ಮಾವ ಸರ್ಕಾರಕ್ಕೆ ಹರಕೆ ಹೊತ್ತಿದ್ದರು. ಇಲ್ಲಿ ತಾವು ಎಷ್ಟು ಬಿಟ್ಟುಕೊಡುತ್ತಾರೋ ಅಷ್ಟು ಭದ್ರವಾಗಿ ಅದು ಅಲ್ಲಿ ಅವನನ್ನು ಹಿಡಿದುಕೊಳ್ಳುತ್ತದೆ ಅಂತ.

ಬೀದಿಯ ಸಂಘದವರು ಶಾಲೆಯ ಹಾಲಿನಲ್ಲಿ ಒಂದು ಸಂಜೆ ಸಭೆ ಕರೆದರು. ನಮ್ಮ ಕಡೆಯ ಠಾಣೆಯ ಸಬ್ಇನ್ಸ್‌ಪೆಕ್ಟರ್ ಬಂದಿದ್ದರು. ಚಿಕ್ಕ ವಯಸ್ಸಿನವರು, ವಿನಯದ ಮಾತು. ಹೆದರಬೇಕಾಗಿಲ್ಲ, ಆದರೆ ಬೀದಿಯಲ್ಲಿ ಏನಾದರೂ ವಿಶೇಷ ಕಂಡರೆ ತಿಳಿಸಿ ಅಂತ ಕೇಳಿಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಆಂಟೆನಾ ಅಂದರು. ಒಮ್ಮೆ ಆ ಮಾತು ಬಿದ್ದಮೇಲೆ ಉಳಿದದ್ದು ತಾನಾಗಿ ಬಂತು. ಮೇಷ್ಟ್ರಿಗೆ ಲಾಹೋರಿನ ಒಬ್ಬ ದಂತವೈದ್ಯರ ಗೆಳೆತನ ಇದ್ದದ್ದು ಬೀದಿಗೆಲ್ಲ ಗೊತ್ತು. ಗೊತ್ತಾದದ್ದು ಮೇಷ್ಟ್ರೇ ಹೇಳಿದ್ದರಿಂದ. ಆ ವೈದ್ಯರು ತಮ್ಮ ಕಡೆಯ ಮಾವಿನಹಣ್ಣನ್ನು ಹೊಗಳುತ್ತಾರೆ, ನಾನು ನಮ್ಮ ಬಾದಾಮಿಯನ್ನು ಬಿಟ್ಟುಕೊಡುವುದಿಲ್ಲ ಅಂತ ಪ್ರತಿ ಬೇಸಿಗೆಯೂ ನಗಿಸುತ್ತಿದ್ದರು. ಹೋದ ವರ್ಷ ಅದಕ್ಕೆ ನಕ್ಕವರೇ ಈಗ ಅದನ್ನು ಪಿಸುಮಾತಿನಲ್ಲಿ ಹೇಳಿದರು.

ಮೇಷ್ಟ್ರು ಎದ್ದು ನಿಂತರು. ಯುದ್ಧದ ಸುದ್ದಿ ಬಂದ ದಿನವೇ ಆ ಕಡೆಯ ಮಾತು ತಾನು ನಿಲ್ಲಿಸಿದ್ದೇನೆ ಅಂದರು. ಹ್ಯಾಮಿನವರು ಗುಟ್ಟಿನ ಭಾಷೆ ಬಳಸುವ ಹಾಗೇ ಇಲ್ಲ, ಅದು ಲೈಸೆನ್ಸಿನ ಷರತ್ತು, ನಮ್ಮ ಮಾತನ್ನು ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು ಅಂತ ಪಾಠದ ಹಾಗೆ ವಿವರಿಸಿದರು. ಜನ ಕೇಳಿಸಿಕೊಂಡರು, ಆದರೆ ನೋಡಿದ್ದು ಮಾವನ ಕಡೆ. ಬೀದಿಯಲ್ಲಿ ಗಡಿಗೆ ಮಗನನ್ನು ಕಳಿಸಿದ್ದ ಮನೆ ನಮ್ಮದೊಂದೇ. ಆ ಬೇಸಿಗೆಯಲ್ಲಿ ಮಾವ ಕೆಮ್ಮಿದರೂ ಅದಕ್ಕೊಂದು ತೂಕ ಇತ್ತು. ಶ್ರೀಕಂಠಯ್ಯನವರು ಹೇಳಿಬಿಡಲಿ, ಹೇಗೂ ಅವರ ಸ್ನೇಹಿತರು ಅಂತ ಸಂಘದ ಅಧ್ಯಕ್ಷರು ಅಂದರು. ಮಾವ ಮೇಷ್ಟ್ರ ಕಡೆ ತಿರುಗಲಿಲ್ಲ. ತಮ್ಮ ಊರುಗೋಲಿನ ತುದಿ ನೋಡುತ್ತಾ ಹೇಳಿದರು:

"ಒಂದು ಸಲ ನೋಡಿಬಿಡಲಿ. ತಪ್ಪಿಲ್ಲ ಅಂದ್ಮೇಲೆ ಭಯ ಯಾಕೆ?"

ಮೇಷ್ಟ್ರು ಕೂತುಕೊಂಡರು. ಮಾರನೇ ದಿನ ಬೆಳಿಗ್ಗೆ ಜೀಪು ಬಂತು. ಯಾರೂ ಜೋರು ಮಾಡಲಿಲ್ಲ, ಯಾರೂ ಬೈಯಲಿಲ್ಲ. ಚಪ್ಪಲಿ ಬಿಟ್ಟೇ ಒಳಗೆ ಹೋದರು. ಮೇಷ್ಟ್ರು ಕಟ್ಟಿದ್ದ ರೇಡಿಯೋ ಸೆಟ್ಟು, ಕೀಲಿ, ತಂತಿ ಸುರುಳಿ, ಹೊರದೇಶದ ಗೆಳೆಯರು ಕಳಿಸಿದ್ದ ಬಣ್ಣಬಣ್ಣದ ಕಾರ್ಡುಗಳ ಡಬ್ಬ, ಎಲ್ಲವನ್ನೂ ಗೋಣಿತಾಟಿನಲ್ಲಿ ಸುತ್ತಿ ಜೀಪಿಗೆ ಇಟ್ಟರು. ಪರಿಶೀಲನೆ ಮುಗಿದ ಮೇಲೆ ವಾಪಸ್ಸು ಅಂದರು. ಒಂದೆರಡು ಪ್ರಶ್ನೆ ಇದೆ ಅಂತ ಮೇಷ್ಟ್ರನ್ನೂ ಕೂರಿಸಿಕೊಂಡು ಹೋದರು. ಮಹಡಿಯ ಪೈಪು ಇಳಿಸಲು ಬಂದಿದ್ದ ಇಬ್ಬರು ತಾಮ್ರದ ತಂತಿಯನ್ನು ತೆಂಗಿನಮರದ ಬುಡದಲ್ಲೇ ಕತ್ತರಿಸಿದರು. ನಾನು ನಮ್ಮ ಕಿಟಕಿಯಿಂದ ನೋಡುತ್ತಿದ್ದೆ. ಮಾವ ಒಳಕೋಣೆಯಲ್ಲಿ ಜೋರಾಗಿ ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ಅದು ಅವರು ಹೇಳುವ ಹೊತ್ತಲ್ಲ.

ಮಧ್ಯಾಹ್ನವಾದರೂ ಮೇಷ್ಟ್ರು ಬರಲಿಲ್ಲ. ಕಮಲಮ್ಮನವರು ನಮ್ಮ ಗೇಟಿನ ಹತ್ತಿರ ಬಂದು, ಒಳಗೆ ಬರದೆ, ನನ್ನ ಜೊತೆ ಬರ್ತೀಯೇನಮ್ಮ ಅಂತ ಕೇಳಿದರು. ಮಗಳನ್ನು ಮಾವನ ಹತ್ತಿರ ಬಿಟ್ಟು, ಮೊಸರನ್ನದ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೊರಟೆ. ಠಾಣೆಗೆ ಹೋಗಿ ಅಭ್ಯಾಸ ಇಲ್ಲದ ಇಬ್ಬರು ಹೆಂಗಸರು. ಮದುವೆಮನೆಗೆ ಹೋಗುವವರ ಹಾಗೆ ಸೀರೆ ಬದಲಾಯಿಸಿಕೊಂಡು ಹೋಗಿದ್ದೆವು, ಈಗ ನೆನೆಸಿಕೊಂಡರೆ ನಗು ಬರುತ್ತದೆ. ಮೇಷ್ಟ್ರು ಗೋಡೆ ಪಕ್ಕದ ಬೆಂಚಿನ ಮೇಲೆ, ಚೌಕಟ್ಟು ಸಮೇತ ಲೈಸೆನ್ಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಬೆಳಗಿನಿಂದ ಯಾರೂ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕೇಳಬೇಕಾದ ಅಧಿಕಾರಿ ಬಂದೋಬಸ್ತಿಗೆ ಹೋಗಿದ್ದರಂತೆ. ನನ್ನನ್ನು ನೋಡಿದ ತಕ್ಷಣ ಅವರ ಮುಖದಲ್ಲಿ ಗಾಬರಿ ಕಂಡಿತು. ನಾನು ಬಂದಿರುವುದು ಬೇರೇನೋ ಸುದ್ದಿ ಹೇಳಲಿಕ್ಕೆ ಅಂದುಕೊಂಡಿದ್ದರು.

"ಶ್ರೀಧರನ ಫೋನ್ ಬಂತಾ?" ಅಂದರು.

ಇಲ್ಲ ಅಂದೆ. ಬರುತ್ತೆ, ಬೆಟ್ಟದ ಮೇಲೆ ಸಂಪರ್ಕ ಕಷ್ಟ, ಅದಕ್ಕೆ ಅರ್ಥ ಬೇರೇನೂ ಅಲ್ಲ ಅಂತ ನನಗೇ ಸಮಾಧಾನ ಹೇಳಿದರು. ಮಾವನ ಬಗ್ಗೆ ಒಂದು ಮಾತೂ ಆಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರನ್ನು ಮನೆಗೆ ಕಳಿಸಿದರು. ನಾನು ಮಾವನಿಗೆ ಮೇಷ್ಟ್ರು ಕೇಳಿದ ಪ್ರಶ್ನೆಯನ್ನು ಹೇಳಿದೆ. ಅವರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದರು.

ಶ್ರೀಧರನ ಫೋನು ಬಂದದ್ದು ಯುದ್ಧ ಮುಗಿಯುವ ಹೊತ್ತಿಗೆ. ಎತ್ತಿದ್ದು ಮಾವ. ಆ ಕಡೆಯಿಂದ ಗರಗರ ಶಬ್ದ, ನಡುವೆ ‘ಅಣ್ಣಾ’ ಅನ್ನುವ ಕೂಗು. ನಮ್ಮ ಮನೆಯಲ್ಲಿ ಮಕ್ಕಳು ಅಪ್ಪನನ್ನು ಅಣ್ಣ ಅಂತಲೇ ಕರೆಯುವುದು. ಮಾವ ರಿಸೀವರನ್ನು ನನ್ನ ಕೈಗೆ ಕೊಟ್ಟು, ಬಾಗಿಲು ತೆರೆದು, ಕಾಲಿಗೆ ಚಪ್ಪಲಿಯೂ ಇಲ್ಲದೆ ಎದುರು ಮನೆಯ ಗೇಟಿನ ತನಕ ಓಡಿದರು. ಅಲ್ಲಿ ನಿಂತುಬಿಟ್ಟರು. ಚಿಲಕಕ್ಕೆ ಕೈ ಹಾಕಿ ಹಾಗೇ ಸ್ವಲ್ಪ ಹೊತ್ತು ನಿಂತು, ವಾಪಸ್ಸು ಬಂದರು. ಸುದ್ದಿ ಹೇಳಿ ಬಂದದ್ದು ನಾನು.

ಯುದ್ಧ ಮುಗಿಯಿತು. ಬೀದಿಯಲ್ಲಿ ಸಿಹಿ ಹಂಚಿದರು. ಆದರೆ ನೋಡಿ, ಶುರುವಾದದ್ದಕ್ಕೆ ಎಲ್ಲ ಕಡೆ ತಯಾರಿ ಇತ್ತು, ಮುಗಿದದ್ದಕ್ಕೆ ಎಲ್ಲೂ ಇರಲಿಲ್ಲ. ಮೇಷ್ಟ್ರ ಸೆಟ್ಟಿನ ಪರಿಶೀಲನೆ ಮುಗಿಯಲಿಲ್ಲ. ಪೇದೆಗಳು ವಿವರ ಕೇಳುವುದು ನಿಲ್ಲಲಿಲ್ಲ. ಕೆಲವು ದಿನ ಕಳೆದ ಮೇಲೆ ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಠಾಣೆಗೆ ಹೋದರು. ಅದು ಮೇಲಿನ ಕಚೇರಿಗೆ ಹೋಗಿದೆ ಅಂದರು. ಮೇಲಿನ ಕಚೇರಿಯಲ್ಲಿ ಬೇರೆ ಇಲಾಖೆಗೆ ಕಳಿಸಿದೆ ಅಂದರು. ಬೇರೆ ಇಲಾಖೆಯವರು ಠಾಣೆಯಲ್ಲೇ ಇರಬೇಕು ನೋಡಿ ಅಂದರು. ಮಾವ ಬಸ್ಸು ಹತ್ತಿ ಇಳಿದು, ಹತ್ತಿ ಇಳಿದು ಸಣ್ಣಗಾದರು. ಹಿಂದೆ ಇಂಥ ಕಚೇರಿಗಳಲ್ಲಿ ಮೇಜು ಗುದ್ದಿ ಬರುತ್ತಿದ್ದ ಮನುಷ್ಯ ಈಗ ಮೆಲ್ಲಗೆ ಮಾತಾಡುತ್ತಿದ್ದರು. ತೆಗೆದುಕೊಂಡು ಹೋಗಿ ಅಂದವರೂ ನೀವೇ ಅಲ್ಲವಾ ಅಂತ ಒಬ್ಬ ಗುಮಾಸ್ತ ನಗುತ್ತಾ ಕೇಳಿದನಂತೆ. ಅದನ್ನು ಮನೆಗೆ ಬಂದು ನನಗೆ ಅವರೇ ಹೇಳಿದರು. ಮೇಷ್ಟ್ರಿಗೆ ಇದ್ಯಾವುದನ್ನೂ ಹೇಳಬೇಡ ಅಂದರು. ಅವರಿಬ್ಬರ ವಾಕಿಂಗ್ ನಿಂತುಹೋಗಿತ್ತು. ಒಬ್ಬರು ಬೆಳಿಗ್ಗೆ, ಒಬ್ಬರು ಸಂಜೆ, ಅದೇ ಪಾರ್ಕಿಗೆ.

ಕಡಲೆಕಾಯಿ ಪರಿಷೆ ಮುಗಿದ ವಾರ ಶ್ರೀಧರ ರಜೆಯ ಮೇಲೆ ಬಂದ. ಕರಿದಾಗಿದ್ದ, ಕೆನ್ನೆ ಒಳಗೆ ಹೋಗಿತ್ತು, ಎಡಗಿವಿ ಮಂದವಾಗಿತ್ತು. ಊಟ ಮಾಡಿ ಜಗುಲಿಗೆ ಬಂದವನು ಎದುರು ಮಹಡಿ ನೋಡಿ, ಮೇಷ್ಟ್ರ ಆಂಟೆನಾ ಏನಾಯ್ತು ಅಂತ ಕೇಳಿದ. ನಾನು ಅಡುಗೆಮನೆಗೆ ಹೋಗಿಬಿಡೋಣ ಅಂದುಕೊಂಡೆ. ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, ನಡೆದದ್ದೆಲ್ಲವನ್ನೂ ಒಂದೂ ಬಿಡದೆ ಹೇಳಿದರು. ಕೊನೆಗೆ, "ನಾನೇ ಹೇಳಿದ್ದು ಕಣೋ. ನಿನಗೋಸ್ಕರ" ಅಂದರು.

ಶ್ರೀಧರ ಎದುರು ಮಹಡಿಯನ್ನು ಮತ್ತೊಮ್ಮೆ ನೋಡಿದ. ಆಮೇಲೆ, "ನನಗೋಸ್ಕರ ಅನ್ಬೇಡಿ ಅಣ್ಣ. ಅಲ್ಲಿ ನಾನು ಹಗಲೂ ರಾತ್ರಿ ಮಾಡ್ತಿದ್ದಿದ್ದು ಮೇಷ್ಟ್ರು ಕಲಿಸಿದ ಕೆಲಸಾನೇ" ಅಂದ. ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಗೆ ಹೋದ.

ಮಾರನೇ ದಿನ ಅವನು ಯೂನಿಫಾರ್ಮ್ ಹಾಕಿಕೊಂಡು ಠಾಣೆಗೆ ಹೊರಟಾಗ ಮಾವನೂ ಜೊತೆಗೆ ಹೋದರು. ಅಷ್ಟು ತಿಂಗಳು ಯಾವ ಕಚೇರಿಯಲ್ಲೂ ಇಲ್ಲದ ಸೆಟ್ಟು ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಠಾಣೆಯ ಹಿಂದಿನ ಕೋಣೆಯಲ್ಲಿ, ಹಳೇ ಸೈಕಲ್ಲುಗಳ ಕೆಳಗೆ, ಅದೇ ಗೋಣಿತಾಟಿನಲ್ಲಿ ಇತ್ತು. ಇವನಿಗೆ ಸೆಲ್ಯೂಟ್ ಹೊಡೆದು, ಕಾಫಿ ಕೊಟ್ಟು, ಆಟೋ ತರಿಸಿ ಹತ್ತಿಸಿದರಂತೆ. ಮಾವ ಇದನ್ನು ಹೇಳುವಾಗ ಅವರ ದನಿಯಲ್ಲಿ ಸಂತೋಷ ಇರಲಿಲ್ಲ.

ಸೆಟ್ಟನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟಾಗ ನಾನೂ ಅಲ್ಲಿದ್ದೆ. ಅವರು ತಾಟು ಬಿಚ್ಚಿ, ಜೇಡರಬಲೆ ಒರೆಸಿ, ಒಂದೊಂದೇ ಗುಂಡಿಯನ್ನು ತಿರುಗಿಸಿ ನೋಡಿದರು. ಶ್ರೀಧರ ಆಗಲೇ ಇಕ್ಕಳ ಹಿಡಿದಿದ್ದ. ಸಂಜೆಯೊಳಗೆ ಆಂಟೆನಾ ಕಟ್ಟಿಬಿಡ್ತೀನಿ ಸಾರ್ ಅಂದ. ಮೇಷ್ಟ್ರು ಅವನ ಕೈ ಮೇಲೆ ಕೈಯಿಟ್ಟು ತಡೆದರು.

"ಬೇಡಪ್ಪ. ಲೈಸೆನ್ಸ್ ತೋರಿಸಿ ನಾನು ಕೇಳಿದ್ರೆ ಕೊಡಲಿಲ್ಲ. ನಿನ್ನ ಯೂನಿಫಾರ್ಮ್ ನೋಡಿ ಕೊಟ್ರು. ಅಂದ್ಮೇಲೆ ಇದು ನನ್ನದು ಹೇಗಾಯ್ತು?"

ಬಾಗಿಲಲ್ಲಿ ನಿಂತಿದ್ದ ಮಾವ ಒಳಗೆ ಬಂದರು. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಕುರ್ಚಿ ಎಳೆದು ಕೂತು, ಊರುಗೋಲನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, "ಮೇಷ್ಟ್ರೇ, ನನಗೆ ಭಯ ಆಗಿತ್ತು" ಅಂದರು. ಮೇಷ್ಟ್ರು ತಲೆ ಎತ್ತದೆ, "ನನಗೂ ಆಗಿತ್ತು ಶ್ರೀಕಂಠಯ್ಯ. ಆದ್ರೆ ನಾನು ನಿಮ್ಮನೆ ಕಡೆ ಬೆರಳು ತೋರಿಸಲಿಲ್ಲ" ಅಂದರು. ಮಾವ ಎದ್ದು ಹೋಗಬಹುದು ಅಂದುಕೊಂಡೆ. ಹೋಗಲಿಲ್ಲ. ಕಮಲಮ್ಮನವರು ಕಾಫಿ ತಂದರು. ಇಬ್ಬರೂ ಕುಡಿದರು. ಮರುದಿನವೂ ಮಾವ ಅದೇ ಹೊತ್ತಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತರು. ಹಾಗೆ ತಿಂಗಳುಗಟ್ಟಲೆ. ತರಕಾರಿ ರೇಟು, ಕ್ರಿಕೆಟ್ಟು, ಮಂಡಿನೋವು, ಎಲ್ಲ ಮಾತಾಡುತ್ತಿದ್ದರು. ರೇಡಿಯೋದ ವಿಷಯ ಮಾತ್ರ ಬರುತ್ತಿರಲಿಲ್ಲ. ಅದನ್ನು ಸ್ನೇಹ ಮತ್ತೆ ಕೂಡಿತು ಅನ್ನಬೇಕೋ, ಬಿರುಕಿನ ಮೇಲೆ ಚಾಪೆ ಹಾಸಿಕೊಂಡು ಕೂತರು ಅನ್ನಬೇಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಂಟೆನಾ ಮತ್ತೆ ಏರಲಿಲ್ಲ. ಮಾವ ತೀರಿಕೊಂಡಾಗ ಮೊದಲು ಬಂದು ಹೆಣದ ಪಕ್ಕ ಕೂತವರು ಮೇಷ್ಟ್ರೇ. ಎರಡು ವರ್ಷ ಬಿಟ್ಟು ಅವರೂ ಹೋದರು. ಕಮಲಮ್ಮನವರು ತಂಗಿಯ ಜೊತೆಗಿರಲು ಮಲ್ಲೇಶ್ವರಕ್ಕೆ ಹೋದರು. ಶ್ರೀಧರ ಸೈನ್ಯದಿಂದ ನಿವೃತ್ತನಾಗಿ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ.

ಮಿಕ್ಸಿ ರಿಪೇರಿಯಾಗಿ ಬಂದ ವಾರವೇ, ಅಂದರೆ ಮೊನ್ನೆ ಶನಿವಾರ ಸಂಜೆ, ನಮ್ಮ ಬೀದಿಯ ಸಂಘದ ಸಭೆ ಇತ್ತು. ನಗರದಲ್ಲಿ ಬಾಂಬು ಸಿಡಿದ ಮೇಲೆ ಎಲ್ಲರ ಜೀವವೂ ಅಂಗೈಯಲ್ಲಿದೆ. ನನ್ನ ಮಗಳು ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಬರುವುದು ಸ್ವಲ್ಪ ತಡವಾದರೂ ನಾನು ಗೇಟಿಗೂ ಫೋನಿಗೂ ನಡುವೆ ಓಡಾಡುತ್ತೇನೆ. ಆದ್ದರಿಂದ ಬೀದಿಯ ಎರಡೂ ತುದಿಗೆ ಕ್ಯಾಮೆರಾ ಹಾಕಿಸೋಣ, ಮನೆಗೆಲಸದವರ, ಬಾಡಿಗೆಯವರ ಫೋಟೋಗಳನ್ನು ಠಾಣೆಗೆ ಕೊಡೋಣ, ಬಂದು ಹೋಗುವವರ ಗಾಡಿ ನಂಬರು ಬರೆದಿಡೋಣ ಅಂತ ಕಾರ್ಯದರ್ಶಿಗಳು ಹೇಳಿದಾಗ ನನಗೂ ಬೇಡ ಅನ್ನಿಸಲಿಲ್ಲ. ಒಪ್ಪುವವರು ಕೈ ಎತ್ತಿ ಅಂದರು. ಎಲ್ಲರೂ ಎತ್ತಿದರು. ನನ್ನ ಕೈ ಅರ್ಧ ಎದ್ದು ಅಲ್ಲೇ ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಕೂತಿದ್ದ. ಎದುರು ಸಾಲಿನ ಮಹಡಿ ಕೋಣೆಗೆ ಹೊಸದಾಗಿ ಬಾಡಿಗೆಗೆ ಬಂದವನು, ಯಾವ ಊರಿನವನೋ. ಅವನೂ ಕೈ ಎತ್ತಿದ್ದ. ಎತ್ತಿದ ಕೈಯನ್ನು ಇಳಿಸದೆ, ಯಾರು ಯಾರು ತನ್ನ ಕಡೆ ನೋಡುತ್ತಿದ್ದಾರೆ ಅಂತ ಕಣ್ಣಿನಲ್ಲೇ ಹುಡುಕುತ್ತಿದ್ದ.

ನಾನು ಎದ್ದು ನಿಂತೆ. ಸಭೆಗಳಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಹಾಕೋದು ಸರಿ, ಆದರೆ ತೆಗೆಯೋದು ಯಾವಾಗ, ಅದನ್ನೂ ಬರೆದುಕೊಳ್ಳಿ ಅಂದೆ. ಕೆಲವರು ನಕ್ಕರು. ಇನ್ನೂ ಹಾಕೇ ಇಲ್ಲ ಮೇಡಂ ಅಂದರು. ಕಾರ್ಯದರ್ಶಿಗಳು ಒಳ್ಳೆಯವರು, ನನ್ನ ಮಾತನ್ನು ತಳ್ಳಿಹಾಕಲಿಲ್ಲ. ಪೆನ್ನನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ಹಿಡಿದು ಯೋಚಿಸಿ, ಠರಾವಿನ ಕೊನೆಗೆ ಎರಡು ಪದ ಸೇರಿಸಿ ಓದಿದರು: ‘ಮುಂದಿನ ಆದೇಶದವರೆಗೆ.’ ಎಲ್ಲರಿಗೂ ಸಮಾಧಾನವಾಯಿತು. ಕಾಫಿ ಲೋಟಗಳ ತಟ್ಟೆ ಮೊದಲ ಸಾಲಿಗೆ ಬಂತು.

"ಯಾರ ಆದೇಶ?" ಅಂತ ಕೇಳಿದೆ.

ಕಾರ್ಯದರ್ಶಿಗಳು ನನ್ನನ್ನೊಮ್ಮೆ ಠರಾವನ್ನೊಮ್ಮೆ ನೋಡಿ, ಕೂತ್ಕೊಳ್ಳಿ ಮೇಡಂ, ಕಾಫಿ ತಣ್ಣಗಾಗುತ್ತೆ ಅಂದರು. ಪಕ್ಕದಲ್ಲಿದ್ದವರು ನನ್ನ ಸೆರಗು ಮೆಲ್ಲಗೆ ಎಳೆದರು. ಮಗಳು ಇನ್ನೂ ಮನೆಗೆ ಬಂದಿರಲಿಲ್ಲ. ಆದರೂ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, ಉತ್ತರ ಬರಲಿ ಅಂತ ನಿಂತೇ ಇದ್ದೆ.